ಪ್ರಶಾಂತಚಂದ್ರ ಮಹಾಲನೋಬಿಸ್: ನೂರರಲ್ಲಿ ತೊಂಬತ್ತೈದರ ಅರ್ಥ

ಅನ್ನ ಬೆಂದಿತೋ ಇಲ್ಲವೋ ಎಂದರಿಯಲು ಗಡಿಗೆಯನ್ನೆಲ್ಲ ಬರಿದು ಮಾಡುವವರಿಲ್ಲ. ಸೌಟಿನ ತುದಿಗೆ ಬಂದ ನಾಲ್ಕು ಅಗುಳುಗಳನ್ನು ಹಿಚುಕಿ ನೋಡಿದರೆ ಸಾಕು. ನಮ್ಮ ಪ್ರಾಚೀನ ಶಾಸ್ತ್ರಕಾರರು ಅಡುಗೆಮನೆಯ ಈ ಅನುಭವಕ್ಕೆ ಸ್ಥಾಲೀಪುಲಾಕನ್ಯಾಯವೆಂಬ ಗಂಭೀರವಾದ ಹೆಸರನ್ನಿತ್ತು ಶಾಸ್ತ್ರಚರ್ಚೆಯಲ್ಲಿಯೂ ಬಳಸಿಕೊಂಡರು. ಅಂಶದಿಂದ ಪೂರ್ಣವನ್ನು ಊಹಿಸುವ ಈ ನ್ಯಾಯವು ಎಷ್ಟು ಉಪಯುಕ್ತವೋ ಅಷ್ಟೇ ಅಪಾಯಕರವೂ ಹೌದು. ಗಡಿಗೆಯ ಅಕ್ಕಿ ಹೆಚ್ಚುಕಡಿಮೆ ಒಂದೇ ಸಮನಾಗಿ ಬೇಯುವುದರಿಂದ ಅಲ್ಲಿ ನಾಲ್ಕು ಅಗುಳು ಸಾಕಾಗುತ್ತದೆ. ಒಂದು ಪ್ರಾಂತದ ಬೆಳೆ, ಒಂದು ನಗರದ ಜನಜೀವನ, ಒಂದು ದೇಶದ ಬಡತನ ಹಾಗೆ ಸಮನಾಗಿ ಬೆಂದ ಅನ್ನವಲ್ಲ. ಅಲ್ಲಿ ನಮ್ಮ ಕೈಗೆ ಬಂದ ಅಗುಳು ನಮ್ಮನ್ನು ಎಷ್ಟರ ಮಟ್ಟಿಗೆ ವಂಚಿಸಬಹುದು? ಭಾರತದಲ್ಲಿ ಈ ಪ್ರಶ್ನೆಯನ್ನು ಕೇಳಿ, ಅದರ ಉತ್ತರವನ್ನು ಗದ್ದೆಯ ಬದುವಿನ ಮೇಲೆಯೇ ಹುಡುಕಲು ಹೊರಟ ಮಹನೀಯರು ಪ್ರಶಾಂತಚಂದ್ರ ಮಹಾಲನೋಬಿಸ್.

ಇವರು ಹುಟ್ಟಿದ್ದು ೧೮೯೩ರ ಜೂನ್ ೨೯ರಂದು, ಕಲಕತ್ತೆಯಲ್ಲಿ. ಪೂರ್ವ ಬಂಗಾಳದ ವಿಕ್ರಮಪುರದಿಂದ ನಗರಕ್ಕೆ ವಲಸೆ ಬಂದ ಇವರ ಅಜ್ಜ ಗುರುಚರಣರು ಔಷಧದ ಅಂಗಡಿಯನ್ನಿಟ್ಟು ಬಾಳನ್ನು ಕಟ್ಟಿಕೊಂಡವರು. ಬ್ರಾಹ್ಮಸಮಾಜದ ಸುಧಾರಣೆಯ ಹುರುಪಿನಲ್ಲಿ ಪಾಲ್ಗೊಂಡವರು. ಆ ಮನೆಯಲ್ಲಿ ಬೆಳೆದ ಹುಡುಗನಿಗೆ ವಿಚಾರಸ್ವಾತಂತ್ರ್ಯವು ಉಸಿರಾಟದಷ್ಟೇ ಸಹಜವಾಗಿತ್ತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅವರಂತಹ ಗುರುಗಳು ದೊರೆತರು. ೧೯೧೨ರಲ್ಲಿ ಭೌತವಿಜ್ಞಾನದ ಪದವಿಯನ್ನು ಪಡೆದ ಪ್ರಶಾಂತಚಂದ್ರರು ಮರುವರ್ಷ ಇಂಗ್ಲೆಂಡಿಗೆ ತೆರಳಿದರು. ಕೇಂಬ್ರಿಜ್ ನಗರವನ್ನು ನೋಡಲೆಂದು ಹೋದವರಿಗೆ ಲಂಡನ್ನಿಗೆ ಮರಳುವ ರೈಲು ತಪ್ಪಿತು. ಅಂದು ಅಲ್ಲಿಯೇ ಉಳಿದು, ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದ ಸೊಬಗಿಗೆ ಮನಸೋತು, ಆ ಕಾಲೇಜಿನಲ್ಲಿಯೇ ವಿದ್ಯಾರ್ಥಿಯಾಗಿ ಸೇರಿದರು.

ಕೇಂಬ್ರಿಜ್ಜಿನಲ್ಲಿ ಇವರಿಗೆ ದೊರೆತ ಸ್ನೇಹಗಳಲ್ಲಿ ಶ್ರೀನಿವಾಸ ರಾಮಾನುಜನ್ನರದು ಒಂದು. ೧೯೧೪ರ ಕೊನೆಯಲ್ಲಿ ಒಂದು ಮಾಸಪತ್ರಿಕೆಯಲ್ಲಿ ಬಂದ ಲೆಕ್ಕದ ಒಗಟನ್ನು ಪ್ರಶಾಂತಚಂದ್ರರು ಓದಿ ಹೇಳಿದರು. ಒಂದು ಬೀದಿಯ ಸಾಲಿನಲ್ಲಿ ಒಂದರಿಂದ ಮೊದಲಾಗಿ ಕ್ರಮವಾಗಿ ಅಂಕಿಗಳನ್ನು ಹೊತ್ತ ಮನೆಗಳು. ಒಂದು ಮನೆಯ ಎಡಕ್ಕಿರುವ ಅಂಕಿಗಳ ಮೊತ್ತವೂ ಬಲಕ್ಕಿರುವ ಅಂಕಿಗಳ ಮೊತ್ತವೂ ಸಮ. ಒಟ್ಟು ಮನೆಗಳು ಐವತ್ತಕ್ಕಿಂತ ಹೆಚ್ಚು, ಐನೂರಕ್ಕಿಂತ ಕಡಿಮೆ. ಹಾಗಾದರೆ ಆ ಮನೆಯ ಅಂಕಿ ಯಾವುದು? ಒಲೆಯ ಮೇಲೆ ತರಕಾರಿಯನ್ನು ಕೈಯಾಡಿಸುತ್ತಿದ್ದ ರಾಮಾನುಜನ್ನರು ಈ ಒಂದು ಒಗಟಿಗೆ ಮಾತ್ರವಲ್ಲದೆ ಇಂತಹ ಎಲ್ಲ ಒಗಟುಗಳಿಗೂ ಸಲ್ಲುವ ಉತ್ತರವನ್ನು ಕೂಡಲೇ ಹೇಳಿಬಿಟ್ಟರಂತೆ. ೨೮೮ ಮನೆಗಳ ಬೀದಿಯಲ್ಲಿ ೨೦೪ನೆಯ ಮನೆ. ಉತ್ತರ ಒಂದೇ, ಅದು ಖಚಿತ. ಈ ಕಥೆಯನ್ನು ನಮಗೆ ಉಳಿಸಿಕೊಟ್ಟ ಪ್ರಶಾಂತಚಂದ್ರರು ತಮ್ಮ ಮುಂದಿನ ಆಯುಷ್ಯವನ್ನೆಲ್ಲ ಅಂತಹ ಖಚಿತವಾದ ಒಂದೇ ಉತ್ತರವಿಲ್ಲದ ಪ್ರಶ್ನೆಗಳಿಗೆ ಮುಡಿಪಾಗಿಟ್ಟರೆಂಬುದು ವಿಶೇಷ.

೧೯೧೫ರಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದ ಇವರು ಕೆಲವು ವಾರಗಳ ಮಟ್ಟಿಗೆ ತಾಯ್ನಾಡಿಗೆ ಹೊರಟರು. ಮಹಾಯುದ್ಧದ ಕಾರಣದಿಂದ ಹಡಗು ತಡವಾಯಿತು. ಆ ಬಿಡುವಿನಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿದ್ದಾಗ ಅಧ್ಯಾಪಕರೊಬ್ಬರು ಬಯೋಮೆಟ್ರಿಕಾ ಎಂಬ ಪತ್ರಿಕೆಯ ಸಂಪುಟಗಳತ್ತ ಇವರ ಗಮನವನ್ನು ಸೆಳೆದರು. ಪ್ರಶಾಂತಚಂದ್ರರು ಎಲ್ಲ ಸಂಪುಟಗಳನ್ನೂ ಕೊಂಡು, ಹಡಗಿನಲ್ಲಿ ಓದುತ್ತ ಬಂದರು. ಸಂಖ್ಯಾಶಾಸ್ತ್ರವೆಂಬುದು ಲೆಕ್ಕದ ಕಡತಗಳ ಕೆಲಸವಲ್ಲ, ಅದೊಂದು ಸ್ವತಂತ್ರ ವಿಜ್ಞಾನ ಎಂಬ ಅರಿವು ಕಡಲ ನಡುವೆ ಮೂಡಿತು. ಕಲಕತ್ತೆಯಲ್ಲಿ ಭೌತವಿಜ್ಞಾನವನ್ನು ಬೋಧಿಸುವ ಕೆಲಸ ಸಿಕ್ಕಿದ್ದರಿಂದ ಅವರು ಮತ್ತೆ ಕೇಂಬ್ರಿಜ್ಜಿಗೆ ವಿದ್ಯಾರ್ಥಿಯಾಗಿ ಮರಳಲಿಲ್ಲ.

ಈ ಹೊಸ ಆಸಕ್ತಿಗೆ ನೀರೆರೆದವರು ತತ್ತ್ವಜ್ಞಾನಿ ಬ್ರಜೇಂದ್ರನಾಥ ಶೀಲರು. ಕಲಕತ್ತಾ ವಿಶ್ವವಿದ್ಯಾನಿಲಯದ ಪರೀಕ್ಷಾಫಲಗಳನ್ನು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸುವಂತೆ ಅವರು ಈ ತರುಣ ಅಧ್ಯಾಪಕನನ್ನು ಕೇಳಿಕೊಂಡರು. ಮುಂದೆ ೧೯೨೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ನಮ್ಮ ನಾಡಿಗೆ ಬಂದ ಶೀಲರು ಇವರೇ. ೧೯೨೮ರಲ್ಲಿ ಬೆಂಗಳೂರಿನಲ್ಲಿ ಕವಿ ರವೀಂದ್ರನಾಥ ಠಾಕೂರರನ್ನು ಅತಿಥಿಯಾಗಿ ಉಪಚರಿಸಿದವರೂ ಇವರೇ. ಆ ಠಾಕೂರರಿಗೆ ಪ್ರಶಾಂತಚಂದ್ರರು ಪರಮಾಪ್ತರು. ವಿಶ್ವಭಾರತಿಯ ಕಾರ್ಯದರ್ಶಿತ್ವದಲ್ಲಿ ಹತ್ತು ವರ್ಷ ಭಾಗಿಯಾಗಿದ್ದವರು. ಕವಿತೆಯನ್ನು ಪ್ರೀತಿಸಿದ ಮನಸ್ಸೇ ಅಂಕಿಗಳನ್ನೂ ಪ್ರೀತಿಸಿತೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕದ್ದು.

ಅಂಕಿಗಳ ಪ್ರೀತಿ ಇವರಲ್ಲಿ ಬರಿಯ ಪಾಂಡಿತ್ಯವಾಗಿ ಉಳಿಯಲಿಲ್ಲ. ೧೯೨೨ರಲ್ಲಿ ಉತ್ತರ ಬಂಗಾಳದಲ್ಲಿ ಭೀಕರವಾದ ನೆರೆ ಬಂದಿತು. ನೀರನ್ನು ತಡೆಹಿಡಿಯುವ ವೆಚ್ಚದಾಯಕವಾದ ಜಲಾಶಯಗಳನ್ನು ಕಟ್ಟಬೇಕೆಂದು ಇಂಜಿನಿಯರರು ಯೋಚಿಸಿದ್ದರು. ಸುಮಾರು ಐವತ್ತು ವರ್ಷಗಳ ಮಳೆಯ ದಾಖಲೆಗಳನ್ನು ಪರೀಕ್ಷಿಸಿದ ಪ್ರಶಾಂತಚಂದ್ರರು, ಅಲ್ಲಿ ಬೇಕಾಗಿರುವುದು ನೀರು ಬೇಗ ಹರಿದುಹೋಗುವ ವ್ಯವಸ್ಥೆಯೇ ಹೊರತು ಜಲಾಶಯಗಳಲ್ಲವೆಂದು ತೋರಿಸಿದರು. ೧೯೨೬ರಲ್ಲಿ ಒರಿಸ್ಸಾದ ಬ್ರಾಹ್ಮಣೀ ನದಿ ಉಕ್ಕಿದಾಗ, ನದಿಯ ಪಾತ್ರವೇ ಮೇಲೆದ್ದಿದೆ, ಆದುದರಿಂದ ದಂಡೆಗಳನ್ನು ಎತ್ತರಿಸಬೇಕು ಎಂಬ ಅಭಿಪ್ರಾಯವಿತ್ತು. ದಶಕಗಳ ದಾಖಲೆಗಳಲ್ಲಿ ಅಂತಹ ಏರಿಕೆಯೇ ಕಾಣದೆಂದು ಇವರು ಸಿದ್ಧಪಡಿಸಿದರು. ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ಸಾವಿರಾರು ಜನರ ಮನೆಮಾರು ಮುಳುಗುತ್ತದೆ ಎಂಬ ಪಾಠ ಅವರಿಗೆ ಹೀಗೆ ನದೀತೀರದಲ್ಲಿ ದೃಢವಾಯಿತು.

೧೯೩೧ರ ಡಿಸೆಂಬರಿನಲ್ಲಿ, ಪ್ರೆಸಿಡೆನ್ಸಿ ಕಾಲೇಜಿನ ತಮ್ಮ ಕೊಠಡಿಯನ್ನೇ ನೆಲೆಯಾಗಿಸಿಕೊಂಡು, ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಅಡಿಗಲ್ಲನ್ನಿಟ್ಟರು. ಮೊದಲ ವರ್ಷದ ಒಟ್ಟು ಖರ್ಚು ೨೩೮ ರೂಪಾಯಿ! ೧೯೩೩ರಲ್ಲಿ ಸಂಖ್ಯಾ ಎಂಬ ಪತ್ರಿಕೆ ಹೊರಟಿತು. ಪ್ರಾಚೀನವಾದ ಶಬ್ದವೇ ಪತ್ರಿಕೆಯ ಹೆಸರಾಯಿತು. ಎಣಿಕೆ ಎಂಬ ಅರ್ಥವೂ ನಿಶ್ಚಿತಜ್ಞಾನ ಎಂಬ ಅರ್ಥವೂ ಆ ಒಂದು ಶಬ್ದದಲ್ಲಿ ಅವರಿಗೆ ಕಂಡಿದ್ದುವು. ಜನಸಮುದಾಯಗಳ ನಡುವಣ ಸಾಮ್ಯ ವೈಷಮ್ಯಗಳನ್ನು ಅಳೆಯಲು ೧೯೩೬ರಲ್ಲಿ ಅವರು ರೂಪಿಸಿದ ಮಾನವು ಇಂದು ಜಗತ್ತಿನಾದ್ಯಂತ ಮಹಾಲನೋಬಿಸ್ ದೂರವೆಂದೇ ಪ್ರಸಿದ್ಧವಾಗಿದೆ.

ಆದರೆ ಅವರ ಜೀವಿತದ ಮಹಾಪ್ರಯೋಗ ನಡೆದದ್ದು ಸೆಣಬಿನ ಗದ್ದೆಗಳಲ್ಲಿ. ನಮ್ಮ ಮಂಗಳೂರಿನ ಬಂದರಿನಿಂದ ಹೊರಟ ಕಾಫಿ, ಮೆಣಸುಗಳನ್ನು ಹೊತ್ತ ಗೋಣಿಚೀಲಗಳಿಗೂ ಬಂಗಾಳದ ಸೆಣಬಿಗೂ ನಂಟುಂಟಷ್ಟೆ. ಆ ಪ್ರಾಂತದಲ್ಲಿ ಎಷ್ಟು ಎಕರೆ ಸೆಣಬು ಬೆಳೆದಿದೆ ಎಂಬ ಅಂಕಿಯ ಮೇಲೆ ರೈತನ ಬೆಲೆ, ಗಿರಣಿಯ ಖರೀದಿ, ಸರಕಾರದ ನೀತಿ ಎಲ್ಲವೂ ನಿಂತಿದ್ದುವು. ಗ್ರಾಮಾಧಿಕಾರಿಗಳು ಬರೆದುಕೊಡುತ್ತಿದ್ದ ಲೆಕ್ಕ ನಂಬಲರ್ಹವಾಗಿರಲಿಲ್ಲ. ಪ್ರತಿಯೊಂದು ಗದ್ದೆಯನ್ನೂ ನೋಡಿ ಬರುವುದೆಂದರೆ ಕಾಲವೂ ಹಣವೂ ಅಪಾರ. ೧೯೩೭ರಲ್ಲಿ ಪ್ರಶಾಂತಚಂದ್ರರು ಚಿಕ್ಕ ಪ್ರಮಾಣದಲ್ಲಿ ಆರಂಭಿಸಿ, ವರ್ಷವರ್ಷವೂ ವಿಸ್ತರಿಸಿ, ೧೯೪೧ರ ಹೊತ್ತಿಗೆ ಪ್ರಾಂತವನ್ನೆಲ್ಲ ವ್ಯಾಪಿಸಿದ ಮಾದರಿ ಸಮೀಕ್ಷೆಯನ್ನು ನಡೆಸಿದರು. ನಕ್ಷೆಯ ಮೇಲೆ ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ಚಿಕ್ಕ ಚಿಕ್ಕ ಚೌಕಗಳನ್ನು ಆರಿಸುವುದು. ಸಮೀಕ್ಷಕರು ಅಲ್ಲಿಗೆ ಹೋಗಿ ಆ ನೆಲದಲ್ಲಿ ಎಷ್ಟು ಪಾಲು ಸೆಣಬಿದೆಯೆಂದು ಕಂಡು ಬರೆಯುವುದು. ಆ ಪಾಲಿನಿಂದ ಇಡೀ ಪ್ರಾಂತದ ಪಾಲನ್ನು ಅಂದಾಜು ಮಾಡುವುದು: ಇದು ವಿಧಾನ. ಅಂದಾಜಿನ ಜೊತೆಗೆ, ಅದು ಎಷ್ಟು ತಪ್ಪಿರಬಹುದು ಎಂಬುದನ್ನೂ ಲೆಕ್ಕ ಹಾಕಿ ಪ್ರಕಟಿಸುವುದು ಅವರ ನಿಯಮವಾಗಿತ್ತು. ತನ್ನ ತಪ್ಪಿನ ಅಳತೆಯನ್ನು ತಾನೇ ಹೇಳುವ ಅಂಕಿ ಆಡಳಿತಗಾರರಿಗೆ ಹೊಸದು. ದೋಷದ ಸಾಧ್ಯತೆಯನ್ನು ಒಪ್ಪಿಕೊಂಡ ಲೆಕ್ಕವನ್ನು ನಂಬುವುದು ಹೇಗೆ ಎಂದು ಅನೇಕರು ಶಂಕಿಸಿದರು. ಅದನ್ನು ಒಪ್ಪಿಕೊಳ್ಳದ ಲೆಕ್ಕವನ್ನು ಅವರು ಅದುವರೆಗೆ ನಿಶ್ಶಂಕೆಯಿಂದ ನಂಬಿದ್ದರು!

ಅದೇ ವರ್ಷಗಳಲ್ಲಿ ಯೂರೋಪಿನಲ್ಲಿ ಈ ತಪ್ಪಿನ ಅಳತೆಗೆ ಶಾಸ್ತ್ರೀಯವಾದ ತಳಹದಿ ಸಿದ್ಧವಾಗುತ್ತಿತ್ತು. ಪೋಲಿಷ್ ವಿದ್ವಾಂಸ ಯೆರ್ಜಿ ನೇಮನ್ ೧೯೩೪ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರಜ್ಞರ ಸಭೆಯ ಮುಂದೆ ಕಾನ್ಫಿಡೆನ್ಸ್ ಇಂಟರ್ವಲ್ ಎಂಬ ಕಲ್ಪನೆಯನ್ನಿಟ್ಟರು. ೧೯೩೭ರಲ್ಲಿ ಅದನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. ವಿಶ್ವಾಸದ ಅಂತರ ಎಂದು ನಾವು ಕನ್ನಡದಲ್ಲಿ ಕರೆಯಬಹುದು. ಈ ವಿಶ್ವಾಸವೆಂಬುದು ನಂಬಿಸಿ ಮೋಸಗೊಳಿಸುವ ಆಟವಾಗಿರಬಾರದಷ್ಟೆ ಎಂದು ಹಿರಿಯರಾದ ಬೌಲಿಯವರು ಆ ಸಭೆಯಲ್ಲಿಯೇ ಸಂದೇಹವನ್ನು ವ್ಯಕ್ತಪಡಿಸಿದರು. ಆ ಸಂದೇಹ ಅಕಾರಣವಲ್ಲ. ಈ ಕಲ್ಪನೆಯನ್ನು ತಪ್ಪಾಗಿ ಅರ್ಥೈಸುವವರು ಇಂದಿಗೂ ಹಲವರು. ಆದುದರಿಂದ ಅದನ್ನು ನಮ್ಮೂರಿನ ಒಂದು ಉದಾಹರಣೆಯಿಂದ ವಿವರಿಸುವುದು ಉಚಿತ.

ಮಂಗಳೂರು ನಗರದ ಮನೆಗಳಲ್ಲಿ ಎಷ್ಟು ಪಾಲು ಮನೆಗಳಿಗೆ ಸ್ವಂತ ಬಾವಿಯಿದೆ ಎಂದು ತಿಳಿಯಬೇಕಾಗಿದೆಯೆಂದು ಭಾವಿಸೋಣ. ಎಲ್ಲ ಮನೆಗಳ ಪಟ್ಟಿಯಿಂದ ಚೀಟಿಯೆತ್ತಿ ೧೦೦೦ ಮನೆಗಳನ್ನು ಆರಿಸಿ ನೋಡಲಾಗಿ, ೪೦೦ ಮನೆಗಳಲ್ಲಿ ಬಾವಿ ಕಂಡಿತೆನ್ನೋಣ. ಅಂದಾಜು ನೂರಕ್ಕೆ ೪೦. ಮತ್ತೊಮ್ಮೆ ಚೀಟಿಯೆತ್ತಿದರೆ ಬೇರೆ ಮನೆಗಳು ಬರುತ್ತವೆ. ಆಗ ೩೯ ಬಂದೀತು, ೪೨ ಬಂದೀತು. ಈ ಏರಿಳಿತ ಎಷ್ಟಿರಬಹುದೆಂಬುದನ್ನು ಗಣಿತವು ಹೇಳಬಲ್ಲದು. ನಮ್ಮ ಉದಾಹರಣೆಯಲ್ಲಿ ಆಚೀಚೆ ಸುಮಾರು ೩ರಷ್ಟು ಬಿಟ್ಟು, ೩೭ರಿಂದ ೪೩ರ ವರೆಗೆ ಎಂಬ ಅಂತರವನ್ನು ಕೊಡುತ್ತೇವೆ. ಇದರ ವಿಶ್ವಾಸದ ಮಟ್ಟ ನೂರಕ್ಕೆ ೯೫ ಎನ್ನುತ್ತೇವೆ.

ಇಲ್ಲಿ ತೊಂಬತ್ತೈದು ಎಂದರೇನು? ನಗರದ ನಿಜವಾದ ಪ್ರಮಾಣವು ೩೭ಕ್ಕೂ ೪೩ಕ್ಕೂ ನಡುವೆ ಇರುವ ಸಂಭವ ನೂರಕ್ಕೆ ೯೫ ಎಂದು ಹಲವರು ಹೇಳುತ್ತಾರೆ. ನೇಮನ್ನರ ವಿಚಾರದಲ್ಲಿ ಇದು ಸರಿಯಲ್ಲ. ನಗರದಲ್ಲಿ ಇರುವ ಬಾವಿಗಳು ಇದ್ದಷ್ಟೇ ಇವೆ. ಆ ಪ್ರಮಾಣವು ನಮಗೆ ಅಜ್ಞಾತವೇ ಹೊರತು ಅಸ್ಥಿರವಲ್ಲ. ಚೀಟಿಯ ಆಟದಲ್ಲಿ ಅತ್ತಿತ್ತ ಸರಿಯುವುದು ನಮ್ಮ ಅಂತರ. ನೇತ್ರಾವತಿಯ ಕೆಂಪು ಮಳೆನೀರಿನ ಕೆಳಗೆ ಒಂದು ಗೂಟವನ್ನು ನೆಟ್ಟಿದ್ದಾರೆನ್ನಿ. ಅದು ಕಣ್ಣಿಗೆ ಕಾಣದು. ದೋಣಿಯಲ್ಲಿ ನಿಂತವನು ಅದನ್ನು ಸುತ್ತುವಂತೆ ಬಳೆಯನ್ನು ಎಸೆಯುತ್ತಾನೆ. ನೂರು ಸಲ ಎಸೆದರೆ ಸುಮಾರು ೯೫ ಸಲ ಗೂಟ ಬಳೆಯೊಳಗೆ ಬರುವಂತಹ ಕೈಚಳಕ ಅವನದು. ಈಗ ಒಂದು ಬಳೆಯನ್ನು ಎಸೆದಾಯಿತು. ಗೂಟ ಅದರೊಳಗಿದೆ, ಇಲ್ಲವೆ ಇಲ್ಲ, ಮೂರನೆಯ ಮಾತಿಲ್ಲ. ತೊಂಬತ್ತೈದು ಎಂಬುದು ಎಸೆಯುವವನ ಕೈಗೆ ಸಲ್ಲುವ ಪ್ರಶಸ್ತಿ. ಈ ಒಂದು ಬಳೆಗೆ ಸಲ್ಲುವುದಲ್ಲ. ವಿಶ್ವಾಸವಿರುವುದು ವಿಧಾನದ ಮೇಲೆ, ಅದರಿಂದ ಬಂದ ಒಂದು ಅಂಕಿಯ ಮೇಲೆ ಅಲ್ಲ.

ಇದರಿಂದ ಇನ್ನೆರಡು ಮಾತುಗಳು ಫಲಿಸುತ್ತವೆ. ವಿಶ್ವಾಸವನ್ನು ಹೆಚ್ಚಿಸಬೇಕಾದರೆ ಬಳೆಯನ್ನು ಹಿಗ್ಗಿಸಬೇಕು: ನೂರಕ್ಕೆ ೯೯ರ ಮಟ್ಟ ಬೇಕೆಂದರೆ ನಮ್ಮ ಅಂತರ ೩೬ರಿಂದ ೪೪ಕ್ಕೆ ಹರಡುತ್ತದೆ. ವಿಶ್ವಾಸವನ್ನು ಕಳೆಯದೆ ಬಳೆಯನ್ನು ಕುಗ್ಗಿಸಬೇಕಾದರೆ ಹೆಚ್ಚು ಮನೆಗಳನ್ನು ನೋಡಬೇಕು. ಆದರೆ ೩ರ ಆಚೀಚೆಯನ್ನು ಒಂದೂವರೆಗೆ ಇಳಿಸಲು ಎರಡರಷ್ಟು ಮನೆಗಳು ಸಾಲವು, ನಾಲ್ಕರಷ್ಟು, ಎಂದರೆ ೪೦೦೦ ಮನೆಗಳು ಬೇಕು. ಸೋಜಿಗದ ಸಂಗತಿಯೆಂದರೆ, ಇಡೀ ಕರ್ನಾಟಕದ ಮನೆಗಳ ಪಟ್ಟಿಯಿಂದ ಚೀಟಿಯೆತ್ತಿ ೧೦೦೦ ಮನೆಗಳನ್ನು ನೋಡಿದರೂ ಈ ೩ರ ಅಳತೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಗಡಿಗೆ ದೊಡ್ಡದಾದ ಮಾತ್ರಕ್ಕೆ ಹೆಚ್ಚು ಅಗುಳು ಬೇಕಾಗುವುದಿಲ್ಲ. ಅಗುಳನ್ನು ನ್ಯಾಯವಾಗಿ ಆರಿಸಬೇಕು, ಅಷ್ಟೆ.

ಈ ನ್ಯಾಯವಾದ ಆಯ್ಕೆಯೇ ಎಲ್ಲದರ ಪ್ರಾಣ. ಹಂಪನಕಟ್ಟೆಯ ಸುತ್ತಲಿನ ಸಾವಿರ ಮನೆಗಳನ್ನಷ್ಟೇ ನೋಡಿ ಬಂದವನಿಗೂ ಗಣಿತವು ೩ರ ಆಚೀಚೆಯನ್ನೇ ಕೊಡುತ್ತದೆ. ಲೆಕ್ಕದಲ್ಲಿ ದೋಷವಿಲ್ಲ, ಆದರೂ ಉತ್ತರ ಸುಳ್ಳು. ಆಕಸ್ಮಿಕದಿಂದಾಗುವ ತಪ್ಪನ್ನು ಮಾತ್ರ ವಿಶ್ವಾಸದ ಅಂತರವು ಅಳೆಯುತ್ತದೆ. ಪಕ್ಷಪಾತದಿಂದಲೂ ಸೋಮಾರಿತನದಿಂದಲೂ ಆಗುವ ತಪ್ಪು ಅದರ ಕಣ್ಣಿಗೆ ಬೀಳದು. ಪ್ರಶಾಂತಚಂದ್ರರ ನಿಜವಾದ ಹಿರಿಮೆಯನ್ನು ನಾವು ಕಾಣಬೇಕಾದುದು ಇಲ್ಲಿ. ಕೆಸರಿನ ಗದ್ದೆಗೆ ಇಳಿಯದೆ ಮನಸ್ಸಿಗೆ ತೋಚಿದ ಅಂಕಿಯನ್ನು ಬರೆದುಬಿಡುವ ಸಮೀಕ್ಷಕರೂ ಇರುತ್ತಾರೆಂಬುದನ್ನು ಅವರು ಬಲ್ಲವರಾಗಿದ್ದರು. ಆದುದರಿಂದ ಒಂದೇ ಪ್ರದೇಶದಲ್ಲಿ ಪರಸ್ಪರ ಹೆಣೆದುಕೊಂಡಂತಿರುವ ಎರಡು ಪ್ರತ್ಯೇಕ ಉಪಮಾದರಿಗಳನ್ನು ಆರಿಸಿ, ಎರಡು ಪ್ರತ್ಯೇಕ ತಂಡಗಳಿಗೆ ಒಪ್ಪಿಸಿದರು. ಇಬ್ಬರ ಉತ್ತರಗಳು ಹತ್ತಿರವಿದ್ದರೆ ನೆಮ್ಮದಿ. ಅವು ಬಹಳ ದೂರ ಸರಿದರೆ ಎಲ್ಲಿಯೋ ಕೈ ತಪ್ಪಿದೆಯೆಂದು ಎಚ್ಚರಿಕೆ. ಮನುಷ್ಯಸ್ವಭಾವದ ದೋಷವನ್ನೂ ಬಯಲಿಗೆಳೆಯುವ ಈ ಉಪಾಯ ಅವರ ಹೆಸರಿನೊಡನೆ ಸಂಖ್ಯಾಶಾಸ್ತ್ರದಲ್ಲಿ ನಿಂತಿದೆ.

ಅವರೂ ವಿಮರ್ಶೆಗೆ ಅತೀತರಾಗಿರಲಿಲ್ಲ. ಬೆಳೆಯ ಇಳುವರಿಯನ್ನು ಅಂದಾಜು ಮಾಡುವಾಗ ಗದ್ದೆಯಲ್ಲಿ ಬಹಳ ಚಿಕ್ಕ ತುಂಡನ್ನು ಗುರುತಿಸಿ ಕೊಯ್ದು ತೂಗುವ ಕ್ರಮವನ್ನು ಅವರು ಬೆಂಬಲಿಸಿದರು. ಅಂಚಿನಲ್ಲಿರುವ ಪೈರನ್ನು ಕೊಯ್ಯುವವನು ತಿಳಿಯದೆಯೇ ಒಳಗೆ ಸೇರಿಸಿಬಿಡುವುದರಿಂದ ಚಿಕ್ಕ ತುಂಡಿನ ಅಂದಾಜು ನಿಜಕ್ಕಿಂತ ಹೆಚ್ಚಾಗುತ್ತದೆಂದು ಪಾಂಡುರಂಗ ಸುಖಾತ್ಮೆಯವರು ಬಲವಾಗಿ ವಾದಿಸಿದರು. ಇಬ್ಬರು ಸಮರ್ಥರ ನಡುವಣ ಈ ವಿವಾದ ೧೯೪೦ರ ದಶಕದಲ್ಲಿ ತೀವ್ರವಾಗಿಯೇ ನಡೆಯಿತು. ಅಂತರ ಎಷ್ಟೇ ಕಿರಿದಾಗಿದ್ದರೂ ಅದು ಸತ್ಯದಿಂದ ಪಕ್ಕಕ್ಕೆ ಸರಿದಿರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇದೆಲ್ಲ ಪಂಡಿತರ ಕಲಹವೆಂದು ಭಾವಿಸಬಾರದು. ೧೯೪೩ರಲ್ಲಿ ಬಂಗಾಳವನ್ನು ಕ್ಷಾಮವು ನುಂಗಿತು. ಲಕ್ಷಾಂತರ ಜನರು ಹಸಿವಿನಿಂದಲೂ ರೋಗದಿಂದಲೂ ಸತ್ತರು. ಬದುಕಿ ಉಳಿದವರಲ್ಲಿ ಎಷ್ಟು ಪಾಲು ಕುಟುಂಬಗಳು ನೆಲವನ್ನು ಮಾರಿಕೊಂಡುವು, ಎಷ್ಟು ಕುಟುಂಬಗಳು ದಿಕ್ಕಿಲ್ಲದಂತಾದುವು ಎಂಬುದನ್ನು ಅರಿಯಲು ಪ್ರಶಾಂತಚಂದ್ರರೂ ಅವರ ಸಹೋದ್ಯೋಗಿಗಳೂ ಮಾದರಿ ಸಮೀಕ್ಷೆಯನ್ನು ನಡೆಸಿ, ೧೯೪೬ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅಲ್ಲಿ ಪ್ರತಿಯೊಂದು ಶೇಕಡಾ ಅಂಕಿಯ ಹಿಂದೆಯೂ ಒಂದು ಆರಿದ ಒಲೆಯಿತ್ತು. ಅಂತಹ ಅಂಕಿಯನ್ನು ಇರುವುದಕ್ಕಿಂತ ಹೆಚ್ಚು ನಿಶ್ಚಯದಿಂದ ಹೇಳುವುದೂ ತಪ್ಪು; ನಿಶ್ಚಯವಿಲ್ಲವೆಂದು ಹೇಳದೆಯೇ ಇರುವುದೂ ತಪ್ಪು.

ಸ್ವಾತಂತ್ರ್ಯಾನಂತರ ಈ ವಿಧಾನವು ದೇಶವನ್ನೇ ವ್ಯಾಪಿಸಿತು. ೧೯೪೯ರಲ್ಲಿ ಅವರು ಕೇಂದ್ರ ಮಂತ್ರಿಮಂಡಲದ ಗೌರವ ಸಲಹೆಗಾರರಾದರು. ೧೯೫೦ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ವಿಶ್ವಸಂಸ್ಥೆಯ ಮಾದರಿ ವಿಧಾನಗಳ ಉಪಸಮಿತಿಗೂ ಅವರು ಅಧ್ಯಕ್ಷರಾಗಿದ್ದರು. ಕನ್ನಡನಾಡಿಗೂ ಈ ಗಾಳಿ ಬೀಸಿತು. ೧೯೫೧-೫೨ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರಕಾರವೂ ಕೂಡಿ ಮೈಸೂರು ಸಂಸ್ಥಾನದಲ್ಲಿ ಜನಸಂಖ್ಯೆಯ ಅಧ್ಯಯನವೊಂದನ್ನು ನಡೆಸಿದುವು. ಬೆಂಗಳೂರು ನಗರದಲ್ಲಿಯೂ ಹಳ್ಳಿಗಳಲ್ಲಿಯೂ ಆಯ್ದ ಮನೆಗಳಿಗೆ ಹೋಗಿ ಜನನ, ಮರಣ, ಮಕ್ಕಳ ಸಂಖ್ಯೆಯ ವಿಷಯದಲ್ಲಿ ದಂಪತಿಗಳ ಅಭಿಪ್ರಾಯ ಮೊದಲಾದುವನ್ನು ವಿಚಾರಿಸಲಾಯಿತು. ೧೯೬೧ರಲ್ಲಿ ವರದಿ ಹೊರಬಂದಿತು. ಇನ್ನೊಂದು ಋಣಾನುಬಂಧವೂ ಉಂಟು. ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ ೧೯೨೦ರಲ್ಲಿ ಹುಟ್ಟಿದ ಸಿ. ಆರ್. ರಾವ್ ಎಂಬ ತರುಣರು ೧೯೪೧ರಲ್ಲಿ ಕಲಕತ್ತೆಯ ಸಂಸ್ಥೆಯನ್ನು ಸೇರಿ, ಪ್ರಶಾಂತಚಂದ್ರರ ಆಶ್ರಯದಲ್ಲಿ ಬೆಳೆದು, ಅಂದಾಜಿನ ಶಾಸ್ತ್ರದಲ್ಲಿ ವಿಶ್ವವಿಖ್ಯಾತರಾದರು. ೨೦೨೩ರಲ್ಲಿ ನೂರೆರಡು ವರ್ಷಗಳ ತುಂಬುಬಾಳನ್ನು ಮುಗಿಸಿದವರು ಅವರು.

ದೇಶದ ಎರಡನೆಯ ಪಂಚವಾರ್ಷಿಕ ಯೋಜನೆಯ ಹಿಂದೆ ಪ್ರಶಾಂತಚಂದ್ರರ ಗಣಿತವಿತ್ತು. ಬೃಹತ್ ಕೈಗಾರಿಕೆಗೆ ಅಲ್ಲಿ ದೊರೆತ ಪ್ರಾಧಾನ್ಯ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ೧೯೪೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, ೧೯೬೮ರಲ್ಲಿ ಪದ್ಮವಿಭೂಷಣ, ಹೀಗೆ ಗೌರವಗಳು ತಾವಾಗಿ ಬಂದುವು. ಇನ್ನೊಂದು ದಿನ ಕಳೆದಿದ್ದರೆ ಎಪ್ಪತ್ತೊಂಬತ್ತು ವರ್ಷಗಳು ತುಂಬುತ್ತಿದ್ದುವು. ೧೯೭೨ರ ಜೂನ್ ೨೮ರಂದು ಅವರು ಕಾಲಾಧೀನರಾದರು. ಅವರ ಜನ್ಮದಿನವನ್ನು ೨೦೦೭ರಿಂದ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವನ್ನಾಗಿ ಆಚರಿಸಲಾಗುತ್ತಿದೆ.

ಚುನಾವಣೆ ಬಂದಾಗ ಯಾವ ಪಕ್ಷಕ್ಕೆ ನೂರಕ್ಕೆ ಎಷ್ಟು ಮತವೆಂಬ ಅಂಕಿ, ಬೇನೆ ಹರಡಿದಾಗ ಎಷ್ಟು ಪಾಲು ಜನರಿಗೆ ತಗುಲಿತೆಂಬ ಅಂಕಿ ಇಂದು ಪ್ರತಿದಿನವೂ ನಮ್ಮ ಕಣ್ಣ ಮುಂದೆ ಬರುತ್ತವೆ. ವಿದ್ಯಾವಂತನಾದ ವಾಚಕನು ಅವುಗಳನ್ನು ಕುರುಡಾಗಿ ನಂಬಬೇಕಾಗಿಯೂ ಇಲ್ಲ, ಎಲ್ಲವೂ ಬೊಗಳೆಯೆಂದು ತಳ್ಳಿಬಿಡಬೇಕಾಗಿಯೂ ಇಲ್ಲ. ಜನರನ್ನು ಆರಿಸಿದ ಬಗೆ ಯಾವುದು, ಕೇಳಿದ್ದು ಎಷ್ಟು ಮಂದಿಯನ್ನು, ಅಂಕಿಯ ಆಚೀಚೆ ಬಿಟ್ಟ ಅಂತರವೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಎರಡು ಪಕ್ಷಗಳ ನಡುವಣ ವ್ಯತ್ಯಾಸ ನೂರಕ್ಕೆ ಎರಡು, ಅಂದಾಜಿನ ಅಂತರ ಆಚೀಚೆ ಮೂರು ಎಂದಾದರೆ, ಗೆದ್ದವರು ಯಾರೆಂದು ಆ ಸಮೀಕ್ಷೆ ಹೇಳಿಲ್ಲವೆಂದೇ ತಿಳಿಯಬೇಕು. ತನಗೆ ಎಷ್ಟು ತಿಳಿಯದು ಎಂಬುದನ್ನೂ ಲೆಕ್ಕ ಹಾಕಿ ಹೇಳುವುದು ವಿದ್ಯೆಯ ಲಕ್ಷಣವೆಂದು ಪ್ರಶಾಂತಚಂದ್ರರು ಬಂಗಾಳದ ಗದ್ದೆಗಳಲ್ಲಿ ತೋರಿಸಿಕೊಟ್ಟರು. ಈ ಅಭ್ಯಾಸ ನಮ್ಮ ತರಗತಿಗಳಲ್ಲಿಯೂ ಸಾರ್ವಜನಿಕ ಚರ್ಚೆಯಲ್ಲಿಯೂ ಬೇರೂರಿದಲ್ಲಿ ಅವರ ದುಡಿಮೆ ನಮಗೂ ಸಂದಂತಾಗುವುದು.